ಶ್ರುತಿ-ಲಯಗಳ ಗಂಟು ಬಿಚ್ಚಿದ ಕಥೆ

ನಮ್ಮ ಪ್ರೌಢಶಾಲೆಯ ವಾರ್ಷಿಕೋತ್ಸವಕ್ಕಾಗಿ ಮಕ್ಕಳು ಕೋಲಾಟದ ಅಭ್ಯಾಸ ನಡೆಸಿದ್ದರು. ಹಾಡುವವರಿಲ್ಲ, ಬಾರಿಸುವವರಿಲ್ಲ; ಈಗ ಅನೇಕ ಶಾಲೆಗಳಲ್ಲಿ ನಡೆಯುವಂತೆ, ಯಾರೋ ಎಲ್ಲಿಯೋ ಹಾಡಿ ನುಡಿಸಿದ್ದ ಧ್ವನಿಮುದ್ರಣವೇ ಹಿಮ್ಮೇಳ. ಅದರ ನಡೆ ಬಹಳ ಚುರುಕು. ದೊಡ್ಡ ಹುಡುಗಿಯರು ಹೇಗೋ ಕೋಲು ಕೂಡಿಸಿದರು. ಎಂಟನೆಯ ತರಗತಿಯ ಚಿಕ್ಕವರ ಕೋಲು ಮಾತ್ರ ಸುತ್ತುಸುತ್ತಿಗೂ ಅರ್ಧ ಪೆಟ್ಟು ಹಿಂದೆ ಬೀಳುತ್ತಿತ್ತು. ಧ್ವನಿವರ್ಧಕದ ವ್ಯವಸ್ಥೆಗೆಂದು ಬಂದಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಇದನ್ನು ನೋಡಿ, “ಸಾರ್, ಹಾಡನ್ನೇ ಸ್ವಲ್ಪ ನಿಧಾನ ಮಾಡಿಬಿಡೋಣವೆ?” ಎಂದ.

“ನಿಧಾನ ಮಾಡಿದರೆ ಶ್ರುತಿ ಇಳಿದುಹೋಗುತ್ತದಲ್ಲಪ್ಪ! ಹಾಡುವ ಹುಡುಗಿಯ ದನಿ ಗಂಡಸಿನ ದನಿಯಾದೀತು” ಎಂದು ನಾನು ಅವನನ್ನು ತಡೆದೆ.

ಅವನು ನಕ್ಕು ತನ್ನ ಲ್ಯಾಪ್‌ಟಾಪಿನಲ್ಲಿ ಆ ಹಾಡನ್ನು ತೆರೆದ. ನಿಮಿಷಕ್ಕೆ ೧೩೨ ಪೆಟ್ಟು ಎಂದು ಬರೆದಿದ್ದ ಕಡೆ ೧೧೦ ಎಂದು ತಿದ್ದಿದ. ಹಾಡು ನಿಧಾನವಾಯಿತು, ಶ್ರುತಿ ಎಳ್ಳಷ್ಟೂ ಕದಲಲಿಲ್ಲ. ಆದರೆ ಬೇರೊಂದು ವಿಚಿತ್ರ ಕಿವಿಗೆ ಬಿತ್ತು. ಹಿಂದೆ ಬಾರಿಸುತ್ತಿದ್ದ ಡೋಲಕ್ಕಿನ ಪ್ರತಿಯೊಂದು ಪೆಟ್ಟೂ ಎರಡೆರಡಾಗಿ ಒಡೆದಂತೆ ಕೇಳಿಸಿತು. “ತ” ಎನ್ನಬೇಕಾದ ಕಡೆ “ತ್ತತ” ಎಂದು ತೊದಲಿತು. ಹುಡುಗ ತಲೆಯಾಡಿಸಿ ಇನ್ನೊಂದು ಏರ್ಪಾಡನ್ನು ಬದಲಿಸಿದ. ಪೆಟ್ಟುಗಳು ಮತ್ತೆ ಮೊದಲಿನಂತೆ ಒಂಟಿಯಾಗಿ, ಚೊಕ್ಕಟವಾಗಿ ಬಿದ್ದವು. ಮಕ್ಕಳ ಕೋಲೂ ಕೂಡಿತು.

ಆತ ಎರಡು ಬಾರಿ ಮಾಡಿದ್ದೇನು? ಮೊದಲ ಬಾರಿ ಏಕೆ ಕೆಟ್ಟಿತು, ಎರಡನೆಯ ಬಾರಿ ಏಕೆ ಸರಿಯಾಯಿತು? ಈ ಪ್ರಶ್ನೆಯನ್ನು ಬೆನ್ನಟ್ಟಿ ಹೋದ ನನಗೆ ನೂರು ವರ್ಷಗಳಿಗೂ ಮೀರಿದ ಒಂದು ಚರಿತ್ರೆಯೇ ದೊರೆಯಿತು. ಬಾನುಲಿಯನ್ನು ಮನೆಯಲ್ಲಿಟ್ಟುಕೊಂಡು ಸಂಗೀತ ಕೇಳುವ ನಿಮಗೆ ಅದು ರುಚಿಸೀತೆಂದು ಇಲ್ಲಿ ನಿವೇದಿಸುತ್ತೇನೆ.

ಶ್ರುತಿಯನ್ನು ತಾಯಿಯೆಂದೂ ಲಯವನ್ನು ತಂದೆಯೆಂದೂ ಹೇಳುವುದು ನಮ್ಮ ಸಂಗೀತಗಾರರ ರೂಢಿ. ಇಬ್ಬರೂ ಜೊತೆಗಿರಬೇಕು, ಆದರೆ ಒಬ್ಬರು ಇನ್ನೊಬ್ಬರಿಗೆ ಕಟ್ಟುಬಿದ್ದವರಲ್ಲ. ಮೃದಂಗದ ವಿದ್ವಾಂಸರು ಒಂದೇ ಸೊಲ್ಲುಕಟ್ಟನ್ನು ಮೊದಲನೆಯ ಕಾಲದಲ್ಲಿ ನುಡಿಸಿ, ಎರಡನೆಯ ಕಾಲಕ್ಕೆ ಏರಿಸಿ, ಮೂರನೆಯ ಕಾಲಕ್ಕೆ ಒಯ್ಯುತ್ತಾರೆ. ವೇಗ ನಾಲ್ಕು ಪಟ್ಟಾಗುತ್ತದೆ. ಬಲಂತಲೆಯ ಷಡ್ಜ ಇದ್ದಲ್ಲಿಯೇ ಇರುತ್ತದೆ. ಇದರಲ್ಲಿ ಆಶ್ಚರ್ಯವೇನಿದೆ ಎಂದು ನೀವು ಕೇಳಬಹುದು. ಜೀವಂತ ಕೈಗೆ ಆಶ್ಚರ್ಯವಿಲ್ಲ. ಯಂತ್ರಕ್ಕೆ ಮಾತ್ರ ಇದು ಬಹುಕಾಲ ದುಸ್ಸಾಧ್ಯವಾಗಿತ್ತು. ಧ್ವನಿಯನ್ನು ಒಮ್ಮೆ ಮುದ್ರಿಸಿದೊಡನೆ ಶ್ರುತಿಗೂ ಲಯಕ್ಕೂ ಬಿಡಿಸಲಾಗದ ಗಂಟು ಬೀಳುತ್ತಿತ್ತು.

ಗಂಟು ಬಿದ್ದದ್ದು ೧೮೭೭ರಲ್ಲಿ. ಆ ವರ್ಷ ಅಮೆರಿಕದ ಎಡಿಸನ್ ತಗಡಿನ ಹಾಳೆ ಸುತ್ತಿದ ಉರುಳೆಯ ಮೇಲೆ ಮನುಷ್ಯನ ಮಾತನ್ನು ಹಿಡಿದು ಮತ್ತೆ ನುಡಿಸಿದನು. ಆ ಯಂತ್ರವನ್ನು ತಿರುಗಿಸುತ್ತಿದ್ದುದು ಕೈ. ಕೈ ಬೇಗ ತಿರುಗಿದರೆ ಮಾತು ಬೇಗನಾಗುವುದಲ್ಲದೆ ಕೀಚಲೂ ಆಗುತ್ತಿತ್ತು. ಕೈ ಸೋತರೆ ದನಿ ಗೊಗ್ಗರಾಗುತ್ತಿತ್ತು. ಕಾರಣ ಸರಳ. ಶ್ರುತಿಯೆಂದರೆ ಒಂದು ಸೆಕೆಂಡಿಗೆ ಗಾಳಿ ಎಷ್ಟು ಸಲ ಕಂಪಿಸುತ್ತದೆ ಎಂಬ ಲೆಕ್ಕ. ಲಯವೆಂದರೆ ಒಂದು ನಿಮಿಷಕ್ಕೆ ಎಷ್ಟು ಪೆಟ್ಟು ಬೀಳುತ್ತದೆ ಎಂಬ ಲೆಕ್ಕ. ಕಂಪನವೂ ಪೆಟ್ಟೂ ಒಂದೇ ಗೀರಿನಲ್ಲಿ ಕೊರೆಯಲ್ಪಟ್ಟಿರುವಾಗ ಒಂದನ್ನು ಓಡಿಸಿದರೆ ಇನ್ನೊಂದು ಓಡಲೇಬೇಕು.

ಮುಂದೆ ತಟ್ಟೆಗಳು ಬಂದವು. ೧೯೦೨ರ ನವೆಂಬರಿನಲ್ಲಿ ಗೈಸ್‌ಬರ್ಗ್ ಎಂಬಾತ ಗ್ರಾಮಫೋನ್ ಕಂಪನಿಯ ಪರವಾಗಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡನು. ಈ ಗಾಯಕಿ ಮುಂದೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, ೧೯೩೦ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರೆಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತು. ಅವರ ಕಾಲದ ತಟ್ಟೆಗಳಿಗೆ ಒಂದು ನಿಶ್ಚಿತವಾದ ವೇಗವಿರಲಿಲ್ಲ. ನಿಮಿಷಕ್ಕೆ ೭೮ ಸುತ್ತು ಎಂಬ ಕಟ್ಟಳೆ ಬಿಗಿಯಾದದ್ದು ಆಮೇಲೆ, ವಿದ್ಯುತ್ ಧ್ವನಿಮುದ್ರಣ ಬಂದ ೧೯೨೫ರ ಸುಮಾರಿಗೆ. ಹೀಗಾಗಿ ಹಳೆಯ ತಟ್ಟೆಯೊಂದನ್ನು ಇಂದು ಕೇಳುವವರು ಅದರ ನಿಜವಾದ ವೇಗವನ್ನು ಊಹಿಸಬೇಕಾಗುತ್ತದೆ. ಊಹೆ ನೂರಕ್ಕೆ ಆರರಷ್ಟು ತಪ್ಪಿತೋ, ಗಾಯಕರ ಷಡ್ಜ ಒಂದು ಸ್ವರಸ್ಥಾನದಷ್ಟು ಏರುತ್ತದೆ ಅಥವಾ ಇಳಿಯುತ್ತದೆ; ತಬಲೆಯ ನಡೆಯೂ ಅದರೊಡನೆ ಹೋಗುತ್ತದೆ.

ಈ ‘ನೂರಕ್ಕೆ ಆರು’ ಎಂಬ ಲೆಕ್ಕವನ್ನು ದಯಮಾಡಿ ನೆನಪಿನಲ್ಲಿಡಿ. ನಮ್ಮ ಕಥೆಗೆ ಅದೇ ಅಳತೆಗೋಲು. ವೇಗವನ್ನು ಇಮ್ಮಡಿಸಿದರೆ ಷಡ್ಜ ತಾರಸ್ಥಾಯಿಯ ಷಡ್ಜವಾಗುತ್ತದೆ. ೩೩ ಸುತ್ತಿನ ತಟ್ಟೆಯನ್ನು ತಪ್ಪಿ ೪೫ರಲ್ಲಿ ಹಾಕಿದರೆ ಷಡ್ಜ ಹೆಚ್ಚುಕಡಿಮೆ ಶುದ್ಧ ಮಧ್ಯಮವಾಗುತ್ತದೆ. ನಮ್ಮ ಕೋಲಾಟದ ಹಾಡನ್ನು ೧೩೨ರಿಂದ ೧೧೦ಕ್ಕೆ ಹಳೆಯ ಕ್ರಮದಲ್ಲಿ ಇಳಿಸಿದ್ದರೆ ಅದರ ಷಡ್ಜ ಜಾರಿ ಮಂದ್ರದ ಚತುಃಶ್ರುತಿ ಧೈವತಕ್ಕೆ ಬಂದು ನಿಲ್ಲುತ್ತಿತ್ತು. ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ಒಂದು ಟೇಪ್ ರೆಕಾರ್ಡರ್ ಇತ್ತು. ಅದರ ಬ್ಯಾಟರಿ ಸೋತ ರಾತ್ರಿಗಳಲ್ಲಿ ಭಜನೆ ಹಾಡುವವರೆಲ್ಲರೂ ನಿದ್ದೆಗಣ್ಣಿನವರಾಗುತ್ತಿದ್ದರು. ಕೋಲಾಟದ ದಿನ ಆ ಹುಡುಗನನ್ನು ನಾನು ತಡೆದದ್ದು ಆ ನೆನಪಿನಿಂದಲೇ.

ಗಂಟನ್ನು ಬಿಚ್ಚಲಾಗದಿದ್ದರೂ ಅದನ್ನೇ ಬಳಸಿಕೊಂಡು ಕಲೆಯೊಂದನ್ನು ಬೆಳೆಸಿದವರಿದ್ದಾರೆ. ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡವರ ಬಡಾವಣೆಯಲ್ಲಿ, ೧೯೭೩ರ ಆಗಸ್ಟ್ ೧೧ರಂದು, ಜಮೈಕದಿಂದ ಬಂದ ತರುಣನೊಬ್ಬ ತಂಗಿಯ ಸಂತೋಷಕೂಟಕ್ಕಾಗಿ ತಟ್ಟೆಗಳನ್ನು ಹಾಕಿದನು. ಕೂಲ್ ಹರ್ಕ್ ಎಂದು ಅವನು ಪ್ರಸಿದ್ಧ. ಹಾಡಿನ ನಡುವೆ ಉಳಿದ ವಾದ್ಯಗಳೆಲ್ಲ ಸುಮ್ಮನಾಗಿ ಡ್ರಮ್ಮು ಮಾತ್ರ ನುಡಿಯುವ ಕೆಲವು ಕ್ಷಣಗಳು ಬರುತ್ತವಷ್ಟೆ. ಕುಣಿಯುವವರಿಗೆ ಅದೇ ಭಾಗ ಪ್ರಿಯವೆಂಬುದನ್ನು ಅವನು ಕಂಡುಕೊಂಡಿದ್ದನು. ಒಂದೇ ತಟ್ಟೆಯ ಎರಡು ಪ್ರತಿಗಳನ್ನು ಅಕ್ಕಪಕ್ಕದಲ್ಲಿಟ್ಟು, ಒಂದರಲ್ಲಿ ಆ ಭಾಗ ಮುಗಿದೊಡನೆ ಇನ್ನೊಂದರಲ್ಲಿ ಅದನ್ನೇ ಮೊದಲಿಟ್ಟು, ಕೆಲವು ಸೆಕೆಂಡುಗಳ ನಾದವನ್ನು ಹಲವು ನಿಮಿಷಗಳವರೆಗೆ ಎಳೆಯುವುದು ಅವನ ಉಪಾಯ. ಈ ಬಗೆಯ ವಾದನದಲ್ಲಿ ಬೇರೆ ಬೇರೆ ತಟ್ಟೆಗಳ ನಡೆಯನ್ನು ಸರಿಗೂಡಿಸಬೇಕಾದರೆ ವೇಗದ ಹಿಡಿತ ಬೇಕು. ೧೯೭೯ರಲ್ಲಿ ಬಂದ ಟೆಕ್ನಿಕ್ಸ್ ಕಂಪನಿಯ ತಟ್ಟೆಯಂತ್ರದಲ್ಲಿ ವೇಗವನ್ನು ನೂರಕ್ಕೆ ಎಂಟರಷ್ಟು ಮೇಲೆ ಕೆಳಗೆ ಮಾಡುವ ಜಾರುಗುಂಡಿಯಿತ್ತು. ನಮ್ಮ ಅಳತೆಗೋಲಿನಲ್ಲಿ ಅದು ಒಂದು ಸ್ವರಸ್ಥಾನಕ್ಕಿಂತ ತುಸು ಹೆಚ್ಚು. ಅಷ್ಟರೊಳಗೆ ಶ್ರುತಿ ಬದಲಾದರೂ ಕುಣಿಯುವ ಕಾಲು ಕ್ಷಮಿಸುತ್ತದೆ.

ಇನ್ನು ಗಂಟು ಬಿಚ್ಚಿದವರ ಮಾತು. ಇದರ ಮೊದಲ ಹೆಜ್ಜೆ ಸಂಗೀತಗಾರರದಲ್ಲ, ವಿಜ್ಞಾನಿಗಳದು. ಹಂಗೇರಿಯಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ್ದ ಡೆನಿಸ್ ಗಾಬರ್ ೧೯೪೬ರಲ್ಲಿ ಒಂದು ದೊಡ್ಡ ಪ್ರಬಂಧವನ್ನು ಪ್ರಕಟಿಸಿದನು. ಹಾಲೊಗ್ರಫಿಗಾಗಿ ೧೯೭೧ರಲ್ಲಿ ನೊಬೆಲ್ ಪಾರಿತೋಷಕ ಪಡೆದವನು ಈತನೇ. ಧ್ವನಿಯನ್ನು ಕಾಳುಗಳ ರಾಶಿಯಂತೆ ಭಾವಿಸಬಹುದು ಎಂಬುದು ಅವನ ವಿಚಾರ. ಧಾನ್ಯದ ರಾಶಿಯನ್ನು ಹರಡಿದರೆ ರಾಶಿ ಅಗಲವಾಗುತ್ತದೆಯೇ ಹೊರತು ಕಾಳು ಹಿಗ್ಗುವುದಿಲ್ಲ. ಹಾಗೆಯೇ ಧ್ವನಿಯನ್ನು ಬಹಳ ಸಣ್ಣ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕನ್ನೂ ಅದರ ಸಹಜ ವೇಗದಲ್ಲಿಯೇ ನುಡಿಸುತ್ತ, ಕೆಲವನ್ನು ಎರಡು ಸಲ ಹೇಳಿದರೆ ಹಾಡು ನಿಧಾನವಾಗುತ್ತದೆ. ಕೆಲವನ್ನು ಬಿಟ್ಟರೆ ಬೇಗವಾಗುತ್ತದೆ. ತುಣುಕಿನೊಳಗಿನ ಕಂಪನವನ್ನು ಮುಟ್ಟದ ಕಾರಣ ಶ್ರುತಿ ಹಾಗೆಯೇ ಉಳಿಯುತ್ತದೆ.

೧೯೫೪ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಫೇರ್‌ಬ್ಯಾಂಕ್ಸ್ ಮತ್ತು ಅವನ ಸಂಗಡಿಗರು ಇದನ್ನು ಟೇಪಿನ ಯಂತ್ರದಿಂದ ಸಾಧಿಸಿ ತೋರಿಸಿದರು. ಟೇಪನ್ನು ಓದುವ ತಲೆ ಸಾಮಾನ್ಯವಾಗಿ ಅಲುಗದೆ ನಿಂತಿರುತ್ತದೆ. ಅವರು ಅದನ್ನೇ ತಿರುಗುವಂತೆ ಮಾಡಿದರು. ತಲೆ ತಿರುಗುವ ವೇಗಕ್ಕೂ ಟೇಪು ಓಡುವ ವೇಗಕ್ಕೂ ಇರುವ ಅಂತರದಿಂದ ತುಣುಕುಗಳು ತಾವಾಗಿಯೇ ಮರುಕಳಿಸುತ್ತಿದ್ದವು ಅಥವಾ ಬಿಟ್ಟುಹೋಗುತ್ತಿದ್ದವು. ಅವರು ಕೆಲಸ ಮಾಡಿದ್ದು ಸಂಗೀತಕ್ಕಾಗಿ ಅಲ್ಲ, ಮಾತಿಗಾಗಿ. ಪುಸ್ತಕಗಳನ್ನು ಕಿವಿಯಿಂದ ಓದುವ ಅಂಧರಿಗೆ ಮುಂದೆ ಈ ಮಾರ್ಗದಿಂದ ಬಹಳ ಉಪಕಾರವಾಯಿತು. ಇಂದು ನೀವು ಮೊಬೈಲಿನಲ್ಲಿ ಭಾಷಣವೊಂದನ್ನು ಒಂದೂವರೆ ಪಟ್ಟು ವೇಗದಲ್ಲಿ ಕೇಳಿದರೂ ಭಾಷಣಕಾರರ ದನಿ ಕೀಚಲಾಗದಿರುವುದು ಇದೇ ವಂಶದ ವಿದ್ಯೆಯಿಂದ.

ಇನ್ನೊಂದು ದಾರಿಯೂ ತೆರೆಯಿತು. ೧೯೬೬ರಲ್ಲಿ ಬೆಲ್ ಪ್ರಯೋಗಶಾಲೆಯ ಫ್ಲಾನಗನ್ ಮತ್ತು ಗೋಲ್ಡನ್ ಎಂಬವರು, ಧ್ವನಿಯನ್ನು ಉದ್ದಕ್ಕೆ ಕತ್ತರಿಸುವ ಬದಲು ಅದರಲ್ಲಿ ಅಡಗಿರುವ ನಾನಾ ಕಂಪನಗಳನ್ನು ಒಂದೊಂದಾಗಿ ಬೇರ್ಪಡಿಸಿ, ಪ್ರತಿಯೊಂದನ್ನೂ ಬೇಕಾದಷ್ಟು ಹೊತ್ತು ನಡೆಸಿ ಮತ್ತೆ ಕೂಡಿಸುವ ಗಣಿತವನ್ನು ಪ್ರಕಟಿಸಿದರು. ಸೀರೆಯ ಎಳೆಗಳನ್ನೆಲ್ಲ ಬಿಡಿಸಿ, ಪ್ರತಿ ಎಳೆಯನ್ನೂ ಉದ್ದಮಾಡಿ, ಮತ್ತೆ ನೇಯ್ದ ಹಾಗೆ. ಹಾಡುಗಾರಿಕೆಗೆ, ಪಿಟೀಲಿಗೆ, ಕೊಳಲಿಗೆ ಇದು ಬಹಳ ಚೆನ್ನಾಗಿ ಒಪ್ಪುತ್ತದೆ.

ಹಾಗಾದರೆ ಸಮಸ್ಯೆ ಮುಗಿಯಿತಲ್ಲವೆ? ಇಲ್ಲ. ತಾಳವಾದ್ಯ ಮಾತ್ರ ಎರಡು ದಾರಿಗೂ ಒಗ್ಗಲಿಲ್ಲ.

ಏಕೆಂಬುದನ್ನು ನನ್ನ ವೃತ್ತಿಗೆ ತಕ್ಕಂತೆ ವ್ಯಾಕರಣದಿಂದಲೇ ಹೇಳಲು ಅಪ್ಪಣೆ ಕೊಡಿ. ಸ್ವರಾಕ್ಷರಕ್ಕೆ ಹ್ರಸ್ವವಾದರೆ ಒಂದು ಮಾತ್ರೆ, ದೀರ್ಘವಾದರೆ ಎರಡು, ಪ್ಲುತವಾದರೆ ಮೂರು. ದೂರದಲ್ಲಿರುವವನನ್ನು ಕೂಗುವಾಗ “ರಾಮಾ” ಎಂಬುದರ ಆಕಾರವನ್ನು ಉಸಿರಿರುವವರೆಗೂ ಎಳೆಯಬಹುದು. ವ್ಯಂಜನಕ್ಕೆ ಅರ್ಧಮಾತ್ರೆ, ಅದರಲ್ಲಿಯೂ ಕ, ತ, ಪ ಮೊದಲಾದ ವರ್ಗಾಕ್ಷರಗಳನ್ನು ಎಳೆಯುವ ಹಾಗೆಯೇ ಇಲ್ಲ. “ತ್” ಎಂಬುದನ್ನು ಸ್ವರದ ನೆರವಿಲ್ಲದೆ ಒಂದು ಸೆಕೆಂಡು ಉಚ್ಚರಿಸಿ ನೋಡಿ: ಒಂದೋ ನಾಲಗೆ ಹಲ್ಲಿಗಂಟಿ ಮೌನವಾಗುತ್ತದೆ, ಅಥವಾ “ತ್ ತ್ ತ್” ಎಂದು ತೊದಲಬೇಕಾಗುತ್ತದೆ.

ಡ್ರಮ್ಮಿನ ಪೆಟ್ಟು ಇಂಥ ವ್ಯಂಜನ. ಕೋಲು ಚರ್ಮಕ್ಕೆ ತಗಲುವ ಆ ಕ್ಷಣ ಒಂದು ಸೆಕೆಂಡಿನ ಸಾವಿರದಲ್ಲಿ ಕೆಲವೇ ಪಾಲು. ಪೆಟ್ಟಿನ ಗುರುತೆಲ್ಲ ಆ ಅಲ್ಪಕಾಲದಲ್ಲಿಯೇ ಇದೆ. ಹಿಂದೆ ಬರುವ ಗುಂಯ್ ಎಂಬ ಅನುರಣನ ಅದರ ಬಾಲ. ಗಾಬರನ ದಾರಿಯಲ್ಲಿ ತುಣುಕುಗಳನ್ನು ಮರುಕಳಿಸಿದರೆ ಆ ಕ್ಷಣವೂ ಎರಡು ಸಲ ಬಂದು ಪೆಟ್ಟು ತೊದಲುತ್ತದೆ. ನಮ್ಮ ಕೋಲಾಟದಲ್ಲಿ ಮೊದಲ ಬಾರಿ ಆದದ್ದು ಇದೇ. ಬೆಲ್ ಪ್ರಯೋಗಶಾಲೆಯ ದಾರಿಯಲ್ಲಿ ಎಳೆಗಳನ್ನು ಉದ್ದಮಾಡಿದರೆ ಆ ಕ್ಷಣ ಹಿಂದುಮುಂದಕ್ಕೆ ಹರಡಿ, ಒಣನೆಲಕ್ಕೆ ಬಿದ್ದ ಕಲ್ಲು ಕೆಸರಿಗೆ ಬಿದ್ದಂತೆ ಕೇಳುತ್ತದೆ. ಸ್ವರವನ್ನು ಎಳೆಯಲು ಕಲಿತ ಯಂತ್ರ ವ್ಯಂಜನದ ಮುಂದೆ ಸೋತಿತು.

ಸೋಲುತ್ತಿದ್ದ ಕಾಲದಲ್ಲಿಯೇ ಅದರ ಬಳಕೆ ಬೆಳೆಯಿತೆಂಬುದು ಸ್ವಾರಸ್ಯ. ೧೯೮೦ರ ದಶಕದಲ್ಲಿ ಧ್ವನಿಯ ಚೂರುಗಳನ್ನು ಅಂಕಿಗಳ ರೂಪದಲ್ಲಿ ನೆನಪಿಟ್ಟು ನುಡಿಸುವ ಪೆಟ್ಟಿಗೆಗಳು ಬಂದವು. ಅವುಗಳಿಗೆ ಸ್ಯಾಂಪ್ಲರ್ ಎಂದು ಹೆಸರು. ೧೯೮೭ರ ಎಸ್‌ಪಿ-೧೨೦೦ ಎಂಬ ಪೆಟ್ಟಿಗೆಯ ನೆನಪು ಹತ್ತು ಸೆಕೆಂಡಿನಷ್ಟು ಮಾತ್ರ. ಬಡತನದಲ್ಲಿ ಬುದ್ಧಿ ಓಡುವುದು ಹೆಚ್ಚಷ್ಟೆ! ೩೩ ಸುತ್ತಿನ ತಟ್ಟೆಯನ್ನು ೪೫ರಲ್ಲಿ ಓಡಿಸಿ ಪೆಟ್ಟಿಗೆಗೆ ತುಂಬಿ, ಪೆಟ್ಟಿಗೆಯೊಳಗೆ ಅದನ್ನು ಮತ್ತೆ ನಿಧಾನಗೊಳಿಸಿ, ಹತ್ತು ಸೆಕೆಂಡಿನ ಜಾಗದಲ್ಲಿ ಹದಿಮೂರೂವರೆ ಸೆಕೆಂಡಿನ ಸಂಗೀತವನ್ನು ಅಡಕುತ್ತಿದ್ದರು. ಹೀಗೆ ಮಾಡುವಾಗ ಧ್ವನಿಗೆ ಒಂದು ಒರಟು ಬರುತ್ತಿತ್ತು. ಕೇಳುವವರು ಅದನ್ನೇ ಇಷ್ಟಪಟ್ಟರು. ೧೯೮೮ರಲ್ಲಿ ಜಪಾನಿನ ಅಕಾಯ್ ಕಂಪನಿಯ ಪೆಟ್ಟಿಗೆಗಳು ಶ್ರುತಿ ಕೆಡದಂತೆ ಕಾಲವನ್ನು ಎಳೆಯುವ ಸೌಕರ್ಯವನ್ನು ತಂದವು. ಅವು ಎಳೆದದ್ದು ತುಣುಕು ಮರುಕಳಿಸುವ ಕ್ರಮದಲ್ಲಿಯೇ. ಆದ್ದರಿಂದ ಹೆಚ್ಚು ಎಳೆದರೆ ಕಬ್ಬಿಣದ ಸರಪಣಿ ಎಳೆದಂಥ ಒಂದು ಗರಗರ ಸದ್ದು. ಇಂಗ್ಲೆಂಡಿನ ತರುಣರು ೧೯೯೦ರ ನಂತರ ‘ಜಂಗಲ್’ ಎಂಬ ತಮ್ಮ ಸಂಗೀತದಲ್ಲಿ ಆ ದೋಷವನ್ನೇ ಅಲಂಕಾರವಾಗಿ ಮಾಡಿಕೊಂಡರು.

ನಿಜವಾದ ಪರಿಹಾರ ದೊರೆತದ್ದು ೧೯೯೪ರಲ್ಲಿ, ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ. ಪ್ರೊಪೆಲರ್‌ಹೆಡ್ ಎಂಬ ಸಣ್ಣ ಸಂಸ್ಥೆ ‘ರಿಸೈಕಲ್’ ಎಂಬ ತಂತ್ರಾಂಶವನ್ನು ಹೊರತಂದಿತು. ಅದು ಮಾಡಿದ ಕೆಲಸ ಕೇಳಿದರೆ ಇಷ್ಟೇನೆ ಎನ್ನಿಸೀತು: ಪೆಟ್ಟನ್ನು ಎಳೆಯುವ ಪ್ರಯತ್ನವನ್ನೇ ಅದು ಬಿಟ್ಟಿತು. ಧ್ವನಿಮುದ್ರಣವನ್ನು ಮೊದಲಿನಿಂದ ಕೊನೆಯವರೆಗೆ ಪರೀಕ್ಷಿಸಿ, ಸದ್ದು ತಟಕ್ಕನೆ ಏಳುವ ಜಾಗಗಳನ್ನೆಲ್ಲ ಗುರುತಿಸುತ್ತದೆ. ಅಂಥ ಜಾಗದಲ್ಲಿ ಸಾಮಾನ್ಯವಾಗಿ ಒಂದು ಪೆಟ್ಟು ಇರುತ್ತದೆ. ಪೆಟ್ಟಿನ ಮುಂದುಗಡೆಯೇ ಕತ್ತರಿ ಹಾಕುತ್ತದೆ. ಗಾಬರನ ಕತ್ತರಿ ಗಡಿಯಾರ ನೋಡಿ ಕತ್ತರಿಸುತ್ತಿತ್ತು. ಇದರ ಕತ್ತರಿ ಪೆಟ್ಟನ್ನು ನೋಡಿ ಕತ್ತರಿಸುತ್ತದೆ. ವ್ಯತ್ಯಾಸವೆಲ್ಲ ಇಲ್ಲಿಯೇ. ಆಮೇಲೆ ನಡೆಯನ್ನು ಬದಲಿಸಬೇಕಾದರೆ ಒಂದೊಂದು ಪೆಟ್ಟನ್ನೂ ಇದ್ದಂತೆಯೇ ಎತ್ತಿ, ಹೊಸ ಕಾಲಪ್ರಮಾಣ ಕೇಳುವ ಜಾಗದಲ್ಲಿ ಇಡುತ್ತದೆ. ನಿಧಾನ ಬೇಕಾದರೆ ಪೆಟ್ಟುಗಳ ನಡುವಣ ಬಿಡುವು ಹೆಚ್ಚುತ್ತದೆ. ಬೇಗ ಬೇಕಾದರೆ ಬಿಡುವು ಕುಗ್ಗುತ್ತದೆ. ಪೆಟ್ಟು ಮಾತ್ರ ಪೆಟ್ಟಾಗಿಯೇ ಇರುತ್ತದೆ.

ಓದುಗರೇ, ಮೃದಂಗದ ವಿದ್ವಾಂಸರು ಕಾಲ ಬದಲಿಸುವಾಗ ಮಾಡುವುದೂ ಇದನ್ನೇ ಅಲ್ಲವೆ? ಅವರು “ತ” ಎಂಬುದನ್ನು ಉದ್ದಮಾಡುವುದಿಲ್ಲ. ಎರಡು “ತ”ಗಳ ನಡುವಣ ದೂರವನ್ನು ಬದಲಿಸುತ್ತಾರೆ. ಯಂತ್ರ ಇಷ್ಟೆಲ್ಲ ಸುತ್ತಿ ಬಂದು ಕೊನೆಗೆ ಕೈಯ ದಾರಿಯನ್ನೇ ಹಿಡಿಯಿತು.

ಆದರೂ ತೊಡಕುಗಳಿದ್ದವು. ಬಿಡುವು ಹೆಚ್ಚಿದ ಕಡೆ ಪೆಟ್ಟಿನ ಬಾಲ ಹಠಾತ್ತನೆ ಮುಗಿದು ಹಳ್ಳ ಬೀಳುತ್ತದೆ. ಅದಕ್ಕೆ ಬಾಲವನ್ನು ಮಾತ್ರ ಸ್ವಲ್ಪ ಎಳೆದು ಮುಚ್ಚುತ್ತಾರೆ. ಬಾಲ ಸ್ವರದ ಜಾತಿಯಾದ್ದರಿಂದ ಎಳೆಸಿಕೊಳ್ಳುತ್ತದೆ. ನಾಲ್ಕಾರು ಮೈಕುಗಳನ್ನಿಟ್ಟು ಮುದ್ರಿಸಿದ ಡ್ರಮ್ಮಾದರೆ ಎಲ್ಲ ಮೈಕಿನ ಧ್ವನಿಯನ್ನೂ ಒಂದೇ ಕ್ಷಣದಲ್ಲಿ ಕತ್ತರಿಸಿ ಒಂದೇ ಅಳತೆಯಲ್ಲಿ ಸರಿಸಬೇಕು; ಒಂದು ಕೂದಲೆಳೆಯಷ್ಟು ಹಿಂದುಮುಂದಾದರೂ ಅಲೆಗಳು ಒಂದನ್ನೊಂದು ನುಂಗಿ ಸದ್ದು ಟೊಳ್ಳಾಗುತ್ತದೆ. ಎಲ್ಲಕ್ಕಿಂತ ಮಿಗಿಲಾದ ಅಪಾಯವೆಂದರೆ, ಪೆಟ್ಟುಗಳನ್ನು ಗಣಿತದ ಗೆರೆಯ ಮೇಲೆ ಅಚ್ಚುಕಟ್ಟಾಗಿ ಕೂರಿಸಿಬಿಡುವುದು. ನುಡಿಸುವವನ ಕೈ ಗೆರೆಗಿಂತ ಒಂದಿಷ್ಟು ಹಿಂದೆಯೋ ಮುಂದೆಯೋ ಬೀಳುತ್ತದೆ. ಅದು ತಪ್ಪಲ್ಲ, ಅವನ ನಡಿಗೆ. ಅದನ್ನು ತಿದ್ದಿದರೆ ಬರುವ ಲೆಕ್ಕದಲ್ಲಿ ತಾಳವಿರುತ್ತದೆ, ತಾಳ ಹಾಕುವ ಮನುಷ್ಯನಿರುವುದಿಲ್ಲ.

ಮುಂದಿನದು ಬೇಗ ಹೇಳಿ ಮುಗಿಸಬಹುದಾದ ಕಥೆ. ೧೯೯೮ರಲ್ಲಿ ಅಮೆರಿಕದ ಮ್ಯಾಡಿಸನ್ ನಗರದ ಸೋನಿಕ್ ಫೌಂಡ್ರಿ ಎಂಬ ಸಂಸ್ಥೆ ‘ಆಸಿಡ್’ ಎಂಬ ತಂತ್ರಾಂಶವನ್ನು ತಂದಿತು. ಬೇರೆ ಬೇರೆ ನಡೆಯ ಧ್ವನಿಚೂರುಗಳನ್ನು ಅದರೊಳಗೆ ಹಾಕಿದರೆ ಅವೆಲ್ಲ ತಾವಾಗಿಯೇ ಒಂದೇ ನಡೆಗೆ ಬರುತ್ತಿದ್ದವು. ೨೦೦೦ದಲ್ಲಿ ‘ಆಡಾಸಿಟಿ’ ಎಂಬುದು ಎಲ್ಲರಿಗೂ ಉಚಿತವಾಗಿ ದೊರೆಯಿತು. ಶ್ರುತಿಯನ್ನು ಬದಲಿಸುವುದು, ಕಾಲವನ್ನು ಬದಲಿಸುವುದು, ಎರಡನ್ನೂ ಹಳೆಯ ತಟ್ಟೆಯಂತೆ ಒಟ್ಟಿಗೆ ಬದಲಿಸುವುದು, ಈ ಮೂರೂ ಅದರಲ್ಲಿ ಬೇರೆ ಬೇರೆ ಆಜ್ಞೆಗಳಾಗಿ ನಿಂತವು. ೨೦೦೧ರಲ್ಲಿ ಬರ್ಲಿನ್ ನಗರದಿಂದ ‘ಏಬಲ್ಟನ್ ಲೈವ್’ ಬಂದು, ಸಭೆಯ ಮುಂದೆ ನುಡಿಸುತ್ತಿರುವಾಗಲೇ ಕಾಲವನ್ನು ಬದಲಿಸುವಂತಾಯಿತು. ಇಂಥ ತಂತ್ರಾಂಶಗಳಲ್ಲಿ ಹಾಡಿಗೊಂದು ಮಾರ್ಗ, ತಾಳವಾದ್ಯಕ್ಕೊಂದು ಮಾರ್ಗವೆಂದು ಆಯ್ಕೆಗಳಿರುತ್ತವೆ. ನಮ್ಮ ಹುಡುಗ ಎರಡನೆಯ ಬಾರಿ ಬದಲಿಸಿದ ಏರ್ಪಾಡು ಅದೇ. ಪೆಟ್ಟು ನೋಡಿ ಕತ್ತರಿಸು ಎಂದು ಅವನು ಯಂತ್ರಕ್ಕೆ ಹೇಳಿದ್ದನು.

ಗಂಟು ಬಿಚ್ಚಿದ ಕಥೆ ಇಲ್ಲಿಗೆ ಮುಗಿಯಿತು. ಆದರೆ ಹೀಗೆ ಕತ್ತರಿಸಿ, ಎಳೆದು, ಓಡಿಸಿದ ಪೆಟ್ಟುಗಳು ಯಾರವು? ಇದನ್ನು ಕೇಳದೆ ಬಿಟ್ಟರೆ ಚರಿತ್ರೆ ಅರ್ಧವಾದೀತು.

೧೯೬೯ರಲ್ಲಿ ವಾಷಿಂಗ್ಟನ್ ನಗರದ ‘ವಿನ್‌ಸ್ಟನ್ಸ್’ ಎಂಬ ತಂಡ ಒಂದು ಸಣ್ಣ ತಟ್ಟೆಯನ್ನು ಹೊರತಂದಿತು. ಅದರ ಮುಂದಿನ ಬದಿಯ ಹಾಡು ಜನಪ್ರಿಯವಾಯಿತು. ಹಿಂಬದಿಗೆ ಏನಾದರೂ ಬೇಕಲ್ಲ. ‘ಆಮೆನ್, ಬ್ರದರ್’ ಎಂಬ ವಾದ್ಯಸಂಗೀತವನ್ನು ಸೇರಿಸಿದರು. ಅದರ ನಡುವೆ ಉಳಿದವರು ವಾದ್ಯವನ್ನು ನಿಲ್ಲಿಸುತ್ತಾರೆ. ಗ್ರೆಗರಿ ಕೋಲ್‌ಮನ್ ಎಂಬ ಡ್ರಮ್ಮುಗಾರ ಒಬ್ಬನೇ ನಾಲ್ಕು ಆವರ್ತ ಬಾರಿಸುತ್ತಾನೆ. ನಿಮಿಷಕ್ಕೆ ಸುಮಾರು ೧೩೭ರ ನಡೆ. ಒಟ್ಟು ಏಳು ಸೆಕೆಂಡು. ನೀವು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು.

೧೯೮೬ರಲ್ಲಿ ಡ್ರಮ್ಮಿನ ಇಂಥ ಭಾಗಗಳನ್ನೇ ಆರಿಸಿ ಕೂಡಿಸಿದ ಒಂದು ತಟ್ಟೆಯ ಮಾಲೆಯಲ್ಲಿ ಇದೂ ಸೇರಿತು. ಅಲ್ಲಿಂದ ಸ್ಯಾಂಪ್ಲರುಗಳಿಗೆ ಹೋಯಿತು. ೧೯೮೮ರಲ್ಲಿ ಅಮೆರಿಕದ ಎನ್‌.ಡಬ್ಲ್ಯು.ಎ. ತಂಡ ಅದನ್ನು ನಿಧಾನಗೊಳಿಸಿ ಬಳಸಿತು. ಇಂಗ್ಲೆಂಡಿನವರು ಅದನ್ನು ೧೬೦, ೧೭೦ರವರೆಗೆ ಓಡಿಸಿದರು. ೧೬೫ಕ್ಕೆ ತಟ್ಟೆಯ ಕ್ರಮದಲ್ಲಿ ಓಡಿಸಿದರೆ ಡ್ರಮ್ಮಿನ ಶ್ರುತಿ ಷಡ್ಜದಿಂದ ಸಾಧಾರಣ ಗಾಂಧಾರದಷ್ಟು ಮೇಲೇರುತ್ತದೆ. ಬೇಕೆಂದೇ ಹಾಗೆ ಏರಿಸಿದವರೂ ಉಂಟು. ಪೆಟ್ಟುಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ ಬೇರೆ ಕ್ರಮದಲ್ಲಿ ಜೋಡಿಸಿದವರೂ ಉಂಟು. ಆ ಏಳು ಸೆಕೆಂಡಿನ ವಾದನ ಸಾವಿರಾರು ಹಾಡುಗಳಲ್ಲಿ ಸೇರಿಹೋಯಿತು. ‘ಜಂಗಲ್’ ಸಂಗೀತದ ಬೆನ್ನುಮೂಳೆ ಅದೇ.

ಕೋಲ್‌ಮನ್ನನಿಗೆ ಇದರಿಂದ ಒಂದು ಕಾಸೂ ಬರಲಿಲ್ಲ. ಅವನು ೨೦೦೬ರಲ್ಲಿ ಅಟ್ಲಾಂಟ ನಗರದಲ್ಲಿ, ಇರಲು ಮನೆಯಿಲ್ಲದೆ ತೀರಿಕೊಂಡನು. ತಂಡದ ನಾಯಕ ರಿಚರ್ಡ್ ಸ್ಪೆನ್ಸರನಿಗೆ ತಮ್ಮ ತಟ್ಟೆಯ ಈ ಉಪಯೋಗದ ಸುದ್ದಿ ತಿಳಿದದ್ದು ೧೯೯೬ರಲ್ಲಿ. ಅಷ್ಟರಲ್ಲಿ ಕಾನೂನಿನ ಮೂಲಕ ಕೇಳುವ ಅವಧಿ ಮೀರಿತ್ತು. ೨೦೧೫ರಲ್ಲಿ ಇಂಗ್ಲೆಂಡಿನ ಅಭಿಮಾನಿಗಳು ವಂತಿಗೆ ಎತ್ತಿ ಸ್ಪೆನ್ಸರನಿಗೆ ೨೪ ಸಾವಿರ ಪೌಂಡು ಕೊಟ್ಟರು. ಬಾರಿಸಿದವನು ಆಗ ಇರಲಿಲ್ಲ.

ಇಂಥವನು ಅವನೊಬ್ಬನೇ ಅಲ್ಲ. ಜೇಮ್ಸ್ ಬ್ರೌನನ ತಂಡದ ಕ್ಲೈಡ್ ಸ್ಟಬಲ್‌ಫೀಲ್ಡ್ ೧೯೬೯ರಲ್ಲಿ ‘ಫಂಕಿ ಡ್ರಮ್ಮರ್’ ಎಂಬುದಕ್ಕೆ ನುಡಿಸಿದ ತಾಳವೂ ಅಸಂಖ್ಯ ಹಾಡುಗಳಿಗೆ ಅಡಿಪಾಯವಾಯಿತು. ರಚನೆ ಬ್ರೌನನ ಹೆಸರಿನಲ್ಲಿತ್ತು. ರಾಗ ಕಟ್ಟಿದವನಿಗೆ, ಮಾತು ಬರೆದವನಿಗೆ ಕಾನೂನು ಕೊಡುವ ಪಾಲು ತಾಳ ನುಡಿಸಿದವನಿಗೆ ಸಿಕ್ಕಲಿಲ್ಲ. ಮೂತ್ರಪಿಂಡದ ಬೇನೆಯಿಂದ ಅವನು ೨೦೧೭ರಲ್ಲಿ ಮ್ಯಾಡಿಸನ್ ನಗರದಲ್ಲಿ ತೀರಿಕೊಂಡನು. ತಾಳದ ಚೂರುಗಳನ್ನು ಒಂದೇ ನಡೆಗೆ ತರುವ ತಂತ್ರಾಂಶ ಹುಟ್ಟಿದ ನಗರವೂ ಅದೇ ಎಂಬುದು ಕಾಕತಾಳೀಯ. ಆದರೂ ಮನಸ್ಸಿಗೆ ನಾಟುತ್ತದೆ.

ಇದರಿಂದ ಯಂತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅಂಧರಿಗೆ ಪುಸ್ತಕವಾದದ್ದೂ, ನಮ್ಮ ಚಿಕ್ಕ ಮಕ್ಕಳ ಕೋಲು ಕೂಡಿಸಿದ್ದೂ ಆ ಯಂತ್ರವೇ. ಪೆಟ್ಟನ್ನು ಕೆಡಿಸದೆ ಉಳಿಸಲು ಎಷ್ಟು ಜನ ಎಷ್ಟು ವರ್ಷ ತಲೆ ಕೆಡಿಸಿಕೊಂಡರು ಎಂಬುದನ್ನು ನೆನೆದರೆ ಗೌರವವೇ ಹುಟ್ಟುತ್ತದೆ. ಪೆಟ್ಟು ಕೊಟ್ಟವನ ವಿಷಯದಲ್ಲಿ ಅಷ್ಟೇ ಆಸ್ಥೆ ತೋರಲಿಲ್ಲವೆಂಬುದು ಮಾತ್ರ ನನ್ನ ಆಕ್ಷೇಪಣೆ. ಗೌಹರ್ ಜಾನ್ ಅವರು ತಟ್ಟೆಯ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ಅವರ ಹಿಂದೆ ಕುಳಿತು ತಬಲೆ ಬಾರಿಸಿದವರಿಗೆ ಆ ಅವಕಾಶವಿರಲಿಲ್ಲ. ಆಗಿನಿಂದಲೂ ಇದು ಹೀಗೆಯೇ ನಡೆದುಬಂದಿದೆ.

ವಾರ್ಷಿಕೋತ್ಸವದ ಹಿಂದಿನ ದಿನ ಕಾರ್ಯಕ್ರಮದ ಪಟ್ಟಿಯನ್ನು ಬರೆಯುವ ಕೆಲಸ, ಕನ್ನಡ ಪಂಡಿತನೆಂಬ ಕಾರಣಕ್ಕೆ, ನನ್ನ ಪಾಲಿಗೆ ಬಂತು. ಕೋಲಾಟದ ಎದುರಿಗೆ ಮಕ್ಕಳ ಹೆಸರುಗಳನ್ನೆಲ್ಲ ಬರೆದೆ. “ಡೋಲಕ್ಕು” ಎಂದು ಬರೆದು, ಮುಂದೆ ಜಾಗ ಬಿಟ್ಟು, ಹುಡುಗನನ್ನು ಕರೆದು ಕೇಳಿದೆ: “ಬಾರಿಸಿದವರು ಯಾರಪ್ಪ?”

ಅವನು ಲ್ಯಾಪ್‌ಟಾಪಿನಲ್ಲಿ ಬಹಳ ಹೊತ್ತು ಹುಡುಕಿದ. ಹಾಡಿದವರ ಹೆಸರಿತ್ತು, ಮಾರಿದ ಕಂಪನಿಯ ಹೆಸರಿತ್ತು. “ಅದೊಂದನ್ನು ಎಲ್ಲೂ ಹಾಕಿಲ್ಲ ಸಾರ್” ಎಂದ.

ಪಟ್ಟಿಯಲ್ಲಿ ಆ ಜಾಗವನ್ನು ಖಾಲಿಯಾಗಿಯೇ ಬಿಟ್ಟು ಗೋಡೆಗೆ ಅಂಟಿಸಿದೆವು.